ಹಿಂದಿರುಗಿಸಿದ ವ್ರತ

ಬೌದ್ಧ ಭಿಕ್ಷುವಿಗೆ ತನ್ನ ದೀಕ್ಷೆಯನ್ನು ಹಿಂದಿರುಗಿಸುವ ಅವಕಾಶವಿದೆ. ಅದಕ್ಕೆ ದೊಡ್ಡ ವಿಧಿಯೇನೂ ಬೇಕಿಲ್ಲ. ಮಾತಿನ ಅರ್ಥ ತಿಳಿಯಬಲ್ಲ ಒಬ್ಬರ ಮುಂದೆ, ಈ ನಿಯಮಗಳನ್ನು ಇನ್ನು ನಾನು ಪಾಲಿಸಲಾರೆ ಎಂದು ಹೇಳಿದರೆ ಸಾಕು. 1950ರ ದಶಕದಲ್ಲಿ ಟಿಬೆಟ್ಟಿನ ಪೂರ್ವದ ಖಾಮ್ ಪ್ರಾಂತದಲ್ಲಿ, ಆಮೇಲೆ ಲಾಸಾದಲ್ಲಿ, ಎಷ್ಟೋ ಭಿಕ್ಷುಗಳು ಹೀಗೆ ಮಾಡಿದರು. ಗುರುಗಳ ಬಳಿ ಹೋಗಿ ವ್ರತವನ್ನು ಒಪ್ಪಿಸಿ, ಕಡುಗೆಂಪು ಬಟ್ಟೆ ಕಳಚಿಟ್ಟು, ಚೀನಾದ ಸೈನ್ಯದ ಮೇಲೆ ಬಂದೂಕು ಹಿಡಿದರು.

ಟಿಬೆಟ್ ಮತ್ತು ಚೀನಾದ ಯುದ್ಧಗಳ ಬಗ್ಗೆ ಓದುವಾಗಲೆಲ್ಲ ನಾನು ನಿಂತುಬಿಡುವುದು ಈ ಜಾಗದಲ್ಲಿ. ಭಿಕ್ಷುವಾಗಿದ್ದುಕೊಂಡೇ ಮನುಷ್ಯನನ್ನು ಕೊಂದರೆ ಅದು ಪಾರಾಜಿಕ. ಅಂಥವನು ಸಂಘದಿಂದ ಹೊರಬಿದ್ದ ಹಾಗೆಯೇ ಲೆಕ್ಕ. ಮೊದಲೇ ವ್ರತ ಮರಳಿಸಿದವನಿಗೆ ಮುಂದೊಂದು ದಿನ ಮತ್ತೆ ದೀಕ್ಷೆ ಪಡೆಯುವ ಬಾಗಿಲು ತೆರೆದಿರುತ್ತದೆ. ಇದು ವಕೀಲಿ ಜಾಣತನವಲ್ಲವೇ ಎಂದು ನೀವು ಕೇಳಬಹುದು. ಹಾಗೆ ಅಲ್ಲವೆಂದೇ ನನ್ನ ಎಣಿಕೆ. ವ್ರತ ಮರಳಿಸಿದ ಮಾತ್ರಕ್ಕೆ ಕೊಲೆಯ ಪಾಪ ಕಡಿಮೆಯಾಗುವುದಿಲ್ಲ. ಪಂಚಶೀಲದಲ್ಲಿ ಮೊದಲನೆಯದೇ ಕೊಲ್ಲಬೇಡ ಎಂಬುದು, ಅದು ಗೃಹಸ್ಥನಿಗೂ ಅನ್ವಯಿಸುತ್ತದೆ. ಆ ಭಿಕ್ಷು ಹೇಳುತ್ತಿರುವುದು ಇಷ್ಟೆ: ನಾನು ಮಾಡಹೊರಟಿರುವ ಕೆಲಸ ಕೆಟ್ಟದ್ದು. ಅದನ್ನು ಮಾಡದೆ ಇರಲಾರೆ. ಆದರೆ ಈ ಬಟ್ಟೆಯನ್ನು ಅದಕ್ಕೆ ಸಾಕ್ಷಿಯಾಗಿ ನಿಲ್ಲಿಸಲಾರೆ.

ಅರ್ಜುನನಿಗೆ ಇಂಥ ಸ್ಥಿತಿ ಬರಲಿಲ್ಲ. ಅವನಿಗೆ ಒಬ್ಬ ಸಾರಥಿಯಿದ್ದ, ಆ ಸಾರಥಿ ಹದಿನೆಂಟು ಅಧ್ಯಾಯಗಳಷ್ಟು ತಾಳ್ಮೆಯಿಂದ, ಫಲದ ಆಸೆ ಬಿಟ್ಟು ಯುದ್ಧ ಮಾಡಿದರೆ ಪಾಪ ಅಂಟದೆಂದು ಒಪ್ಪಿಸಿದ. ಗೀತೆಯ ದೊಡ್ಡತನದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಯುದ್ಧಕ್ಕೆ ಹೋಗುವ ಪ್ರತಿಯೊಂದು ಸೈನ್ಯಕ್ಕೂ ಅಂಥದ್ದೊಂದು ಸಮಾಧಾನ ಬೇಕಾಗುತ್ತದೆ: ಧರ್ಮಕ್ಕಾಗಿ, ದೇಶಕ್ಕಾಗಿ, ವಿಮೋಚನೆಗಾಗಿ. 1950ರಲ್ಲಿ ಟಿಬೆಟ್ಟಿಗೆ ಬಂದ ಚೀನಾದ ಸೈನ್ಯದ ಹೆಸರಿನಲ್ಲೇ ‘ಜನವಿಮೋಚನೆ’ ಇತ್ತು. ವ್ರತ ಮರಳಿಸಿದ ಭಿಕ್ಷುವಿಗೆ ಆ ಸಮಾಧಾನವೂ ಇರಲಿಲ್ಲ.

ಮಹಾಯಾನದಲ್ಲಿ ಒಂದು ಕತೆಯಿದೆಯಲ್ಲ, ಅದನ್ನು ಟಿಬೆಟನ್ನರು ಚೆನ್ನಾಗಿ ಬಲ್ಲರು. ಐನೂರು ವರ್ತಕರಿದ್ದ ಹಡಗಿನಲ್ಲಿ ಒಬ್ಬ ಕಳ್ಳ ಸೇರಿಕೊಂಡು, ಎಲ್ಲರನ್ನೂ ಕೊಲ್ಲಲು ಹೊಂಚು ಹಾಕುತ್ತಾನೆ. ಹಡಗಿನ ನಾಯಕ ಬೋಧಿಸತ್ವ. ವರ್ತಕರಿಗೆ ತಿಳಿಸಿದರೆ ಅವರೇ ಕಳ್ಳನನ್ನು ಕೊಂದು ಪಾಪಕ್ಕೆ ಬೀಳುತ್ತಾರೆ. ಸುಮ್ಮನಿದ್ದರೆ ಕಳ್ಳ ಐನೂರು ಕೊಲೆಗಳ ಪಾಪಕ್ಕೆ ಬೀಳುತ್ತಾನೆ. ನಾಯಕ ತಾನೇ ಕೊಲ್ಲುತ್ತಾನೆ, ನರಕಕ್ಕೆ ಹೋಗುವುದಾದರೆ ನಾನೊಬ್ಬನೇ ಹೋಗುತ್ತೇನೆ ಎಂದು. ಕತೆ ಅಪಾಯಕಾರಿ. ಯಾವ ಕೊಲೆಗಾರನೂ ತಾನೇ ಆ ನಾಯಕ ಎಂದುಕೊಳ್ಳಬಹುದು. ಒಂಬತ್ತನೆಯ ಶತಮಾನದಲ್ಲಿ ಲಾಂಗ್‌ದರ್ಮಾ ಎಂಬ ರಾಜನನ್ನು ಕೊಂದ ಭಿಕ್ಷು ಲಾಲುಂಗ್ ಪೆಲ್ಗಿ ದೋರ್ಜೆಯನ್ನು ಟಿಬೆಟ್ಟಿನ ಪರಂಪರೆ ಹೀಗೆಯೇ ನೆನೆಯುತ್ತದೆ. ಆದರೂ ಕತೆಯ ಒಂದು ಅಂಶ ಬಹಳ ಮುಖ್ಯ. ಆ ನಾಯಕ ಮೊದಲು ಲೆಕ್ಕ ಹಾಕುವುದು ತನ್ನ ನರಕವನ್ನು.

ಟಿಬೆಟನ್ನರು ಹುಟ್ಟಾ ಅಹಿಂಸಾವಾದಿಗಳು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಇತಿಹಾಸ ಹಾಗೆ ಹೇಳುವುದಿಲ್ಲ. 763ರಲ್ಲಿ ಟಿಬೆಟ್ಟಿನ ಸೈನ್ಯ ತಾಂಗ್ ವಂಶದ ರಾಜಧಾನಿ ಚಾಂಗಾನ್ ನಗರಕ್ಕೇ ನುಗ್ಗಿ, ಕೆಲವು ದಿನ ಅದನ್ನು ಹಿಡಿದಿಟ್ಟುಕೊಂಡಿತ್ತು. 821–822ರಲ್ಲಿ ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಂಡು ಅದನ್ನು ಕಲ್ಲಿನ ಮೇಲೆ ಕೆತ್ತಿಸಿದವು. ಆ ಶಾಸನ ಲಾಸಾದ ಜೋಖಾಂಗ್ ದೇವಾಲಯದ ಎದುರು ನಿಂತಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗವೂ ಶಾಂತವಾಗಿರಲಿಲ್ಲ. ಚಿಂಗ್ ಸಾಮ್ರಾಜ್ಯದ ಅಧಿಕಾರಿ ಝಾವೊ ಎರ್‌ಫೆಂಗ್ ಖಾಮ್ ಪ್ರಾಂತದಲ್ಲಿ ಮಠಗಳನ್ನು ನೆಲಸಮ ಮಾಡಿದ. 1910ರಲ್ಲಿ ಚೀನಾದ ಸೈನ್ಯ ಲಾಸಾ ತಲುಪಿತು, ಹದಿಮೂರನೆಯ ದಲಾಯಿ ಲಾಮಾ ಭಾರತಕ್ಕೆ ಓಡಿಬಂದರು. ಸಾಮ್ರಾಜ್ಯ ಕುಸಿದ ಮೇಲೆ, 1912ರಲ್ಲಿ, ಟಿಬೆಟನ್ನರು ಆ ಸೈನ್ಯವನ್ನು ಹೊರಗಟ್ಟಿದರು. 1918ರಲ್ಲಿ, ಮತ್ತೆ 1930ರ ಹೊತ್ತಿಗೆ, ಖಾಮ್ ಗಡಿಯಲ್ಲಿ ಕದನಗಳಾದವು. ಹದಿಮೂರನೆಯ ದಲಾಯಿ ಲಾಮಾ ಸೈನ್ಯವನ್ನು ಬಲಪಡಿಸಬೇಕೆಂದು ಹೊರಟಾಗ ಅಡ್ಡ ನಿಂತವು ದೊಡ್ಡ ಮಠಗಳೇ. ಅಹಿಂಸೆಯ ಕಾರಣಕ್ಕೆ ಎಂದುಕೊಳ್ಳಬೇಡಿ. ಸೈನ್ಯಕ್ಕೆ ದುಡ್ಡು ಬೇಕು, ದುಡ್ಡಿಗೆ ಮಠಗಳ ಭೂಮಿಯ ಮೇಲೆ ತೆರಿಗೆ ಬೇಕು. ಬಂದೂಕಿನ ಜೊತೆ ಬರುವ ಹೊಸ ಗಾಳಿಯೂ ಮಠಗಳಿಗೆ ಬೇಡವಾಗಿತ್ತು.

ಅದರ ಬೆಲೆ ಗೊತ್ತಾದದ್ದು 1950ರ ಅಕ್ಟೋಬರ್ 7ರಂದು. ಸುಮಾರು 40,000 ಚೀನೀ ಸೈನಿಕರು ಡ್ರಿಚು ನದಿ ದಾಟಿದರು. ನಾವು ಯಾಂಗ್ತ್ಸೆ ಎಂದು ಭೂಗೋಳದಲ್ಲಿ ಓದುತ್ತೇವಲ್ಲ, ಅದರದೇ ಮೇಲ್ಭಾಗ. ಎದುರಿಗಿದ್ದ ಟಿಬೆಟನ್ ಸೈನ್ಯ ಎಂಟು ಸಾವಿರದ ಆಸುಪಾಸಿನದು, ಅದೂ ಉದ್ದದ ಗಡಿಯಲ್ಲಿ ಚದುರಿಹೋದದ್ದು. ಎರಡು ವಾರ ಕಳೆಯುವ ಮೊದಲೇ ಛಾಮ್ದೊ ಬಿತ್ತು, ಅಲ್ಲಿನ ಗವರ್ನರ್ ನ್ಗಾಬೊ ನ್ಗಾವಾಂಗ್ ಜಿಗ್ಮೆ ಶರಣಾದ. ನವೆಂಬರಿನಲ್ಲಿ ಹದಿನೈದು ವರ್ಷದ ಹುಡುಗನ ಕೈಗೆ ರಾಜ್ಯಾಧಿಕಾರ ಕೊಟ್ಟರು. ಅವನೇ ಇಂದಿನ ದಲಾಯಿ ಲಾಮಾ. ವಿಶ್ವಸಂಸ್ಥೆಯಲ್ಲಿ ಟಿಬೆಟ್ಟಿನ ಮಾತೆತ್ತಿದ್ದು ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ. ಆ ಚರ್ಚೆಯನ್ನು ಮುಂದೂಡಲಾಯಿತು. 1951ರ ಮೇ 23ರಂದು ಹದಿನೇಳು ಅಂಶಗಳ ಒಪ್ಪಂದಕ್ಕೆ ಬೀಜಿಂಗಿನಲ್ಲಿ ಸಹಿಯಾಯಿತು.

ಹಳೆಯ ಟಿಬೆಟ್ ಸ್ವರ್ಗವೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮಠಗಳಿಗೆ, ಶ್ರೀಮಂತ ಮನೆತನಗಳಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ರೈತರು ಅಲ್ಲಿದ್ದರು. ನಾವು ಅವರನ್ನು ಬಿಡಿಸಲು ಬಂದೆವು ಎಂದು ಚೀನಾ ಇಂದಿಗೂ ಹೇಳುತ್ತದೆ. ಅನ್ಯಾಯ ಇತ್ತೆಂದು ಒಪ್ಪಿಕೊಂಡ ಮೇಲೂ, ನೆರೆಮನೆಯಲ್ಲಿ ಅತ್ತೆ ಸೊಸೆಯನ್ನು ಕಾಡುತ್ತಾಳೆಂದು ಆ ಮನೆಯ ಪತ್ರವನ್ನೇ ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಆಗುತ್ತದೆಯೇ? ಇನ್ನೊಂದು ವಿಷಯ ಗಮನಿಸಬೇಕು. ದಂಗೆಯೆದ್ದವರೆಲ್ಲ ಲಾಸಾದ ಶ್ರೀಮಂತರಲ್ಲ. ಮೊದಲು ಎದ್ದವರು ಖಾಮ್ ಪ್ರಾಂತದ ವ್ಯಾಪಾರಿಗಳು, ಪಶುಪಾಲಕರು, ಭಿಕ್ಷುಗಳು. ಲಾಸಾದ ಸರ್ಕಾರವನ್ನು ಅವರು ಪ್ರೀತಿಸುತ್ತಿರಲಿಲ್ಲ, ಲಾಸಾದವರಿಗೆ ಇವರು ಒರಟರು, ದರೋಡೆಕೋರರು. ಅವರು ಎದ್ದದ್ದು ‘ಸುಧಾರಣೆ’ಯ ಹೆಸರಿನಲ್ಲಿ ಅವರ ಬಂದೂಕುಗಳನ್ನು ಕೇಳಿದಾಗ, ಮಠಗಳಿಗೆ ಕೈಹಾಕಿದಾಗ. 1956ರಲ್ಲಿ ಲಿಥಾಂಗ್ ಮಠದೊಳಗೆ ಸೇರಿಕೊಂಡ ಜನರ ಮೇಲೆ ವಿಮಾನದಿಂದ ಬಾಂಬು ಹಾಕಲಾಯಿತು. ಅವರಲ್ಲಿ ಅನೇಕರು ಅದುವರೆಗೆ ವಿಮಾನವನ್ನೇ ಕಂಡವರಲ್ಲ.

ಲಿಥಾಂಗಿನ ಒಬ್ಬ ವ್ಯಾಪಾರಿ ಆಂಡ್ರುಕ್ ಗೊಂಪೊ ತಾಶಿ. 1957ರಲ್ಲಿ ಆತ ದಲಾಯಿ ಲಾಮಾಗೆ ಬಂಗಾರದ ಸಿಂಹಾಸನ ಮಾಡಿಸಿಕೊಡಬೇಕೆಂದು ಊರೂರಿನಿಂದ ಬಂಗಾರ ಕೂಡಿಸಿದ. ಸಿಂಹಾಸನ ನಿಜಕ್ಕೂ ತಯಾರಾಯಿತು, ಅರ್ಪಣೆಯೂ ಆಯಿತು. ಅದರ ನೆಪದಲ್ಲಿ ಊರೂರಿನ ಮುಖಂಡರ ಸಂಪರ್ಕವೂ ಏರ್ಪಟ್ಟಿತು. 1958ರ ಜೂನ್ 16ರಂದು ಲಾಸಾದ ದಕ್ಷಿಣಕ್ಕೆ, ಲೋಕಾ ಪ್ರದೇಶದಲ್ಲಿ, ‘ಚುಶಿ ಗಾಂಗ್‌ಡ್ರುಕ್’ ಎಂಬ ಪಡೆ ತನ್ನ ಬಾವುಟ ಹಾರಿಸಿತು. ನಾಲ್ಕು ನದಿ, ಆರು ಬೆಟ್ಟಸಾಲು ಎಂದು ಆ ಹೆಸರಿನ ಅರ್ಥ. ಅದು ಖಾಮ್ ಸೀಮೆಗೆ ಹಳೆಯ ಕಾಲದಿಂದ ಇದ್ದ ಹೆಸರು. 1959ರ ಮಾರ್ಚಿನಲ್ಲಿ ಲಾಸಾ ಹೊತ್ತಿ ಉರಿದಾಗ ದಲಾಯಿ ಲಾಮಾ ಭಾರತದ ಗಡಿ ತಲುಪುವವರೆಗೆ ದಾರಿ ಕಾದದ್ದು ಇದೇ ಪಡೆ. ಅಹಿಂಸೆಯ ಜಗತ್ಪ್ರಸಿದ್ಧ ಪ್ರತಿಪಾದಕರೊಬ್ಬರು ಬದುಕಿ ಉಳಿದದ್ದು ಬಂದೂಕುಗಳ ಕಾವಲಿನಲ್ಲಿ. ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ. ದಲಾಯಿ ಲಾಮಾ ಕೂಡ ಆ ಯೋಧರ ಧೈರ್ಯವನ್ನು ಮೆಚ್ಚಿ, ಅವರ ದಾರಿಯನ್ನು ಒಪ್ಪಲಾಗದ ತಮ್ಮ ಇಕ್ಕಟ್ಟನ್ನು ಬರೆದುಕೊಂಡಿದ್ದಾರೆ.

ಮುಂದಿನದು ಹೆಚ್ಚು ಜಟಿಲ. ಅಮೆರಿಕದ ಸಿಐಎ ಈ ಹೋರಾಟದೊಳಗೆ ಬಂತು. 1957ರಲ್ಲಿ ಬೆರಳೆಣಿಕೆಯ ಖಾಂಪಾ ಯುವಕರನ್ನು ಶಾಂತಸಾಗರದ ಸೈಪಾನ್ ದ್ವೀಪಕ್ಕೆ ಒಯ್ದು ವೈರ್‌ಲೆಸ್, ಪ್ಯಾರಾಚೂಟ್ ಕಲಿಸಿದರು. ಆಮೇಲೆ ಕೊಲರಾಡೊ ರಾಜ್ಯದ ಕ್ಯಾಂಪ್ ಹೇಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿಗೆ ತರಬೇತಿಯಾಯಿತು. ಆ ಬೆಟ್ಟಗಳನ್ನು ನೋಡಿ ಅವರಿಗೆ ಊರು ನೆನಪಾಗುತ್ತಿತ್ತಂತೆ. ಅದಕ್ಕೆ ‘ಧುಮ್ರಾ’ ಎಂದು ಹೆಸರಿಟ್ಟರು, ತೋಟ ಎಂದರ್ಥ. ವಿಮಾನದಿಂದ ಟಿಬೆಟ್ಟಿನೊಳಗೆ ಇಳಿಯುವಾಗ ಸೆರೆ ಸಿಕ್ಕರೆ ಕಚ್ಚಲೆಂದು ಸೈನೈಡ್ ಕೊಟ್ಟಿದ್ದರು. ಹಾಗೆ ಇಳಿದವರಲ್ಲಿ ಬಹುಪಾಲು ಜನ ಹಿಂದಿರುಗಲಿಲ್ಲ. 1960ರಿಂದ ನೇಪಾಳದ ಮುಸ್ತಾಂಗಿನಲ್ಲಿ ನೆಲೆ ಮಾಡಿಕೊಂಡು, ಗಡಿ ದಾಟಿ ದಾಳಿ ಮಾಡಿ ಮರಳುವ ಪದ್ಧತಿ ಶುರುವಾಯಿತು. ಮೊದಲ ಚಳಿಗಾಲದಲ್ಲಿ ಊಟಕ್ಕಿಲ್ಲದೆ ಬೂಟಿನ ಚರ್ಮವನ್ನೇ ಬೇಯಿಸಿ ತಿಂದವರಿದ್ದಾರೆ.

1961ರಲ್ಲಿ ಮುಸ್ತಾಂಗಿನ ಒಂದು ತಂಡ ಚೀನೀ ಸೈನ್ಯದ ಟ್ರಕ್ಕಿನ ಮೇಲೆ ದಾಳಿ ಮಾಡಿ, ಸೇನಾಧಿಕಾರಿಯೊಬ್ಬನ ಚೀಲ ತಂದಿತು. ಒಳಗೆ 1,600 ಪುಟಗಳಷ್ಟು ಗುಪ್ತ ಕಾಗದ. ಚೀನಾದಲ್ಲಿ ಆಗ ಕಾಡುತ್ತಿದ್ದ ಕ್ಷಾಮ, ಸೈನಿಕರೊಳಗಿನ ಅಸಮಾಧಾನ ಎಲ್ಲವೂ ಅದರಲ್ಲಿತ್ತು. ಅಮೆರಿಕದ ಗೂಢಚಾರ ಸಂಸ್ಥೆಗೆ ಅದೊಂದು ನಿಧಿ. ತಂದವರಿಗೆ ಆ ಕಾಗದಗಳಿಂದ ಒಂದು ಗೇಣು ನೆಲವೂ ಮರಳಲಿಲ್ಲ. ಇವರಿಗೆ ಬೇಕಾದದ್ದು ದೇಶ, ಅವರಿಗೆ ಬೇಕಾದದ್ದು ಚೀನಾಕ್ಕೊಂದು ಕಿರುಕುಳ. 1964ರ ಅಮೆರಿಕದ ದಾಖಲೆಯೊಂದರಲ್ಲಿ ಈ ಕಾರ್ಯಕ್ರಮದ ವಾರ್ಷಿಕ ವೆಚ್ಚ ಸುಮಾರು 17 ಲಕ್ಷ ಡಾಲರ್ ಎಂದಿದೆ. ಅದರಲ್ಲಿ ದಲಾಯಿ ಲಾಮಾ ಕಡೆಗೆ ಸಂದದ್ದು 1,80,000 ಡಾಲರ್. 1972ರಲ್ಲಿ ನಿಕ್ಸನ್ ಬೀಜಿಂಗಿಗೆ ಹೋಗಿ ಮಾವೊ ಕೈಕುಲುಕುವ ಹೊತ್ತಿಗೆ ಆ ಕಿರುಕುಳದ ಅಗತ್ಯ ಮುಗಿದಿತ್ತು.

1974. ಚೀನಾದ ಒತ್ತಡಕ್ಕೆ ಮಣಿದ ನೇಪಾಳ ಮುಸ್ತಾಂಗಿನ ಸುತ್ತ ಸೈನ್ಯ ಕೂಡಿಸಿತು. ಆಯುಧ ಒಪ್ಪಿಸಲು ಹೋರಾಟಗಾರರು ತಯಾರಿರಲಿಲ್ಲ. ಆಗ ದಲಾಯಿ ಲಾಮಾ ತಮ್ಮ ಧ್ವನಿಯನ್ನು ಟೇಪಿನಲ್ಲಿ ಮುದ್ರಿಸಿ ಕಳಿಸಿದರು. ಆಯುಧ ಕೆಳಗಿಡಿ, ನೇಪಾಳದ ಸೈನ್ಯದೊಡನೆ ಹೊಡೆದಾಡಬೇಡಿ ಎಂಬ ಸಂದೇಶ. ಅವರ ಅಕ್ಕನ ಗಂಡ ತಾಕ್ಲಾ ಅದನ್ನು ಹೊತ್ತುಕೊಂಡು ಬಿಡಾರದಿಂದ ಬಿಡಾರಕ್ಕೆ ಹೋಗಿ ಕೇಳಿಸಿದರು. ಹದಿನಾಲ್ಕು ವರ್ಷ ಬೆಟ್ಟದ ಮೇಲೆ ಚಳಿ ಕುಡಿದ ಗಂಡಸರು ಟೇಪ್ ರೆಕಾರ್ಡರ್ ಸುತ್ತ ಕೂತು ಅತ್ತರು. ಬಂದೂಕು ಒಪ್ಪಿಸಿದರು. ಕೆಲವರು ಒಪ್ಪಿಸಿದ ಮೇಲೆ ಕತ್ತು ಕೊಯ್ದುಕೊಂಡರು, ಕೆಲವರು ಹೊಳೆಗೆ ಹಾರಿದರು. ನಾಯಕ ವಾಂಗ್ದು ಸಣ್ಣ ಗುಂಪಿನೊಡನೆ ಭಾರತದ ಕಡೆಗೆ ಹೊರಟು, ಗಡಿಯ ಹತ್ತಿರ ನೇಪಾಳಿ ಸೈನ್ಯದ ಗುಂಡಿಗೆ ಬಿದ್ದ.

ಈ ಬರಹಕ್ಕೆ ಕೂತದ್ದೇ ಈ ಟೇಪಿನ ಕಾರಣಕ್ಕೆ. ಆಯುಧ ಕೆಳಗಿಡು ಎಂದು ಇನ್ನೊಬ್ಬನಿಗೆ ಹೇಳುವ ಹಕ್ಕು ಯಾರಿಗಿದೆ? ಆಯುಧ ಹಿಡಿ ಎನ್ನುವವನ ಕೈಗೆ ರಕ್ತ ಅಂಟುತ್ತದೆ ಎಂದು ನಾವೆಲ್ಲ ಒಪ್ಪುತ್ತೇವೆ. ಕೆಳಗಿಡು ಎಂದವನ ಕೈ ಪೂರ್ತಿ ಶುದ್ಧವೇ?

ಲೆಕ್ಕ ನೋಡಿದರೆ ಆ ಆದೇಶ ಸರಿ. ಗೆಲ್ಲುವ ದಾರಿ ಒಂದೂ ಉಳಿದಿರಲಿಲ್ಲ. ಎದುರಿಗೆ ನಿಂತಿದ್ದ ನೇಪಾಳಿ ಸೈನಿಕ ಟಿಬೆಟನ್ನರಿಗೆ ಯಾವ ಕೇಡನ್ನೂ ಮಾಡಿದವನಲ್ಲ. ನೇಪಾಳದಲ್ಲಿ ನೆಲೆ ಕಂಡುಕೊಂಡಿದ್ದ ಸಾವಿರಾರು ನಿರಾಶ್ರಿತರ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಯೂ ಇತ್ತು. ಗುರುವಿನ ಮಾತು ಬಾರದೆ ಇದ್ದಿದ್ದರೆ ಇನ್ನೂ ಹೆಚ್ಚು ಹೆಣ ಬೀಳುತ್ತಿದ್ದವು. ಆದರೆ ಆ ಗುಂಪಿನೊಳಗೆ ನಿಂತು ನೋಡಿ. ಅವರು ಆಯುಧ ಹಿಡಿದದ್ದೇ ಈ ಗುರುವಿಗಾಗಿ, ಇವನು ಪ್ರತಿನಿಧಿಸುವ ಧರ್ಮಕ್ಕಾಗಿ. ಅದೇ ಧ್ವನಿ ಆಯುಧ ಕೆಳಗಿಡು ಎಂದಾಗ, ಕೇಳಿದರೆ ಹದಿನಾಲ್ಕು ವರ್ಷ ನೀರಿಗೆ ಹೋಗುತ್ತದೆ. ಕೇಳದಿದ್ದರೆ ಯಾವುದಕ್ಕಾಗಿ ಹೋರಾಡಿದೆವೋ ಅದನ್ನು ನಾವೇ ಒದ್ದ ಹಾಗೆ. ಹೊಳೆಗೆ ಹಾರಿದವರು ಹೇಡಿಗಳಲ್ಲ, ಅವಿಧೇಯರೂ ಅಲ್ಲ. ಮಾತು ಕೇಳಿದರು. ಕೇಳಿದ ಮೇಲೆ ಬದುಕುವುದು ಅವರಿಂದ ಆಗಲಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಬಾಹುಬಲಿ ನೆನಪಾಗುವುದು ಸಹಜ. ಪಂಪನ ಆದಿಪುರಾಣದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಭರತನನ್ನು ಸೋಲಿಸಿದ ಮೇಲೆ ಅವನಿಗೆ ವೈರಾಗ್ಯ ಹುಟ್ಟುತ್ತದೆ. ಆ ತ್ಯಾಗದ ಎತ್ತರ ಇರುವುದೇ ಗೆಲುವು ಕೈಯಲ್ಲಿದ್ದಾಗ ಬಿಟ್ಟದ್ದರಲ್ಲಿ. ಮುಸ್ತಾಂಗಿನವರಿಗೆ ಬಿಡಲು ಗೆಲುವು ಇರಲಿಲ್ಲ. ಸೋತವನು ಆಯುಧ ಬಿಟ್ಟರೆ ಲೋಕ ಅದನ್ನು ಶರಣಾಗತಿ ಎನ್ನುತ್ತದೆ. ಯಾರೂ ಅವನಿಗೆ ಬೆಟ್ಟದ ಮೇಲೆ ವಿಗ್ರಹ ಕಡೆಯುವುದಿಲ್ಲ. ಗಾಂಧೀಜಿ 1920ರಲ್ಲೇ ಬರೆದಿದ್ದರು: ಹೇಡಿತನ ಮತ್ತು ಹಿಂಸೆ ಇವೆರಡೇ ಆಯ್ಕೆಗಳಾದರೆ ನಾನು ಹಿಂಸೆಯನ್ನೇ ಆರಿಸಿಕೊಳ್ಳಲು ಹೇಳುತ್ತೇನೆ ಎಂಬರ್ಥದಲ್ಲಿ. ಅವರ ಅಹಿಂಸೆ ಬಲವಿದ್ದವನದು. ಈ ಅಳತೆಗೋಲಿನಲ್ಲಿ ನೋಡಿದರೆ, ಟಿಬೆಟ್ಟಿನ ಅಹಿಂಸೆಯ ಹಿಂದೆ ಹೊಡೆದಾಡಬಲ್ಲವರಿದ್ದರು ಎಂಬುದಕ್ಕೆ ಪುರಾವೆ ಆ ಗೆರಿಲ್ಲಾಗಳೇ. ಅವರನ್ನು ಕತೆಯಿಂದ ಅಳಿಸಿದರೆ ಉಳಿಯುವುದು ಕೈಲಾಗದವರ ಸಹನೆ.

ಅಳಿಸುವ ಕೆಲಸ ಸಾಕಷ್ಟು ನಡೆದಿದೆ. ಮುಸ್ತಾಂಗಿನಲ್ಲಿ ತಾನೂ ಇದ್ದು ಬಂದ ಲೇಖಕ ಜಾಮ್ಯಾಂಗ್ ನೋರ್ಬು ಇದನ್ನು ಸಿಟ್ಟಿನಿಂದ ಹೇಳುತ್ತ ಬಂದಿದ್ದಾರೆ. ಕ್ಯಾರೋಲ್ ಮೆಕ್‌ಗ್ರನಹನ್ ಎಂಬ ಮಾನವಶಾಸ್ತ್ರಜ್ಞೆ ಹಳೆಯ ಯೋಧರ ಬಗ್ಗೆ 2010ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ, ತಡೆಹಿಡಿದ ಇತಿಹಾಸ ಎಂದು ಕರೆದು. ಜಗತ್ತಿಗೆ ಬೇಕಾಗಿದ್ದದ್ದು ನಗುವ ಲಾಮಾ, ಗಾಳಿಗೆ ಹಾರುವ ಪ್ರಾರ್ಥನಾ ಪತಾಕೆ. ಹೆಗಲಿಗೆ ಬಂದೂಕು ಏರಿಸಿದ ಖಾಂಪಾ ಆ ಚಿತ್ರದಲ್ಲಿ ಕೂರುವುದಿಲ್ಲ. ನಾವೂ ಆ ಜಗತ್ತಿನ ಭಾಗವೇ. 1960ರಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ನಿರಾಶ್ರಿತರಿಗೆ ಕಾಡುಭೂಮಿ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಕಾಡು ಕಡಿದು, ಆನೆಗಳ ಕಾಟ ತಡೆದುಕೊಂಡು ಜೋಳ ಬೆಳೆದವರು ಯಾರು, ಹಿಂದೆ ಏನಾಗಿದ್ದವರು ಎಂದು ನಾವು ವಿಚಾರಿಸಿದ್ದು ಕಡಿಮೆ. ಸ್ವರ್ಣಮಂದಿರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವೆ, ಮೊಮೊ ತಿನ್ನುತ್ತೇವೆ, ಚಳಿಗಾಲದಲ್ಲಿ ಅವರ ಅಂಗಡಿಯ ಸ್ವೆಟರಿಗೆ ಚೌಕಾಸಿ ಮಾಡುತ್ತೇವೆ. ಬಹಳ ಶಾಂತ ಜನ ಎಂದು ಮಾತು ಮುಗಿಸುತ್ತೇವೆ.

ಆ ಶಾಂತ ಜನರ ಮಕ್ಕಳನ್ನು ನಮ್ಮ ದೇಶ ಸೈನಿಕರನ್ನಾಗಿಯೂ ಬಳಸಿಕೊಂಡಿದೆ. 1962ರ ಯುದ್ಧದ ಕೊನೆಯಲ್ಲಿ ಭಾರತ ಟಿಬೆಟನ್ನರದೇ ಒಂದು ರಹಸ್ಯ ಪಡೆ ಕಟ್ಟಿತು, ‘ಎಸ್ಟಾಬ್ಲಿಷ್‌ಮೆಂಟ್ 22’ ಎಂದು. ಚೀನಾದೊಡನೆ ಕಾದಲೆಂದು ಸೇರಿದವರನ್ನು 1971ರಲ್ಲಿ ಕಳಿಸಿದ್ದು ಚಿತ್ತಗಾಂಗ್ ಬೆಟ್ಟಗಳಿಗೆ, ಬಾಂಗ್ಲಾದೇಶದ ಯುದ್ಧಕ್ಕೆ. ಅಲ್ಲಿ 56 ಟಿಬೆಟನ್ನರು ಸತ್ತರು. ತಮ್ಮದಲ್ಲದ ನೆಲದ ಸ್ವಾತಂತ್ರ್ಯಕ್ಕಾಗಿ ಸತ್ತವರ ಸುದ್ದಿ ಪತ್ರಿಕೆಗೆ ಬರಲಿಲ್ಲ, ಪದಕ ಸಿಗಲಿಲ್ಲ, ಪಡೆಯೇ ಗುಟ್ಟಿನದಲ್ಲವೇ. 2020ರ ಆಗಸ್ಟಿನಲ್ಲಿ ಲಡಾಖಿನಲ್ಲಿ ನೆಲಬಾಂಬಿಗೆ ಬಲಿಯಾದ ನ್ಯಿಮಾ ತೆನ್ಜಿನ್ ಶವಪೆಟ್ಟಿಗೆಯ ಮೇಲೆ ಭಾರತದ ಧ್ವಜ, ಟಿಬೆಟ್ಟಿನ ಧ್ವಜ ಎರಡನ್ನೂ ಹೊದಿಸಿದ್ದನ್ನು ಟಿವಿಯಲ್ಲಿ ನೋಡಿದೆವು. ಆವತ್ತು ಚೀನಾಕ್ಕೆ ಏನೋ ಹೇಳಬೇಕಾಗಿತ್ತು, ಹಾಗಾಗಿ ತೋರಿಸಿದರು ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಟೇಪಿನ ಪ್ರಶ್ನೆಗೆ ಮರಳುತ್ತೇನೆ. ಆದೇಶ ಕೊಟ್ಟವರು ಅದರ ಭಾರವನ್ನು ಹೊತ್ತರೇ? ದಲಾಯಿ ಲಾಮಾ ಆಮೇಲಿನ ದಶಕಗಳಲ್ಲಿ ನಡೆದುಕೊಂಡ ರೀತಿ ನೋಡಿದರೆ ಹೊತ್ತರು ಎಂದೇ ಅನ್ನಿಸುತ್ತದೆ. ಆ ಮಾತನ್ನು ಅವರು ಅನುಕೂಲಕ್ಕೆ ತಕ್ಕಂತೆ ಬದಲಿಸಲಿಲ್ಲ. 1988ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಪೂರ್ಣ ಸ್ವಾತಂತ್ರ್ಯದ ಬದಲು ಸ್ವಾಯತ್ತತೆಯ ಪ್ರಸ್ತಾಪ ಇಟ್ಟು ತಮ್ಮವರಿಂದಲೇ ಬೈಸಿಕೊಂಡರು. 2008ರ ಮಾರ್ಚಿನಲ್ಲಿ ಲಾಸಾದಲ್ಲಿ ಟಿಬೆಟನ್ ಗುಂಪುಗಳು ಚೀನೀಯರ ಅಂಗಡಿಗಳಿಗೆ ಬೆಂಕಿ ಹಚ್ಚಿ, ಅಮಾಯಕರೂ ಸತ್ತಾಗ, ಹಿಂಸೆ ಕೈಮೀರಿದರೆ ನಾನು ಹೊಣೆಯಿಂದ ಇಳಿಯುತ್ತೇನೆ ಎಂದರು. ಸರಿಯಾದ ಮಾತು ಆಡಿದ ಮೇಲೂ ಅದರ ಕೆಳಗೆ ಸಿಕ್ಕಿ ನಲುಗಿದವರಿರುತ್ತಾರೆ, ಆ ಲೆಕ್ಕ ಯಾವ ಶುದ್ಧ ಬಾಳಿನಿಂದಲೂ ಚುಕ್ತಾ ಆಗುವುದಿಲ್ಲ. ಹಾಗೆಂದು ಸರಿಯಾದ ಮಾತನ್ನು ಆಡದೆ ಇರಲೂ ಬರುವುದಿಲ್ಲ. ಹಡಗಿನ ನಾಯಕನ ಕತೆಗೆ ಇದೊಂದು ಮರುಕತೆಯೇನೋ: ಕೊಲ್ಲುವವನು ಮಾತ್ರವಲ್ಲ, ಕೊಲ್ಲಬೇಡ ಎಂದವನೂ ತನ್ನ ನರಕವನ್ನು ಎಣಿಸಿಕೊಳ್ಳಬೇಕಾಗುತ್ತದೆ.

2009ರಿಂದೀಚೆಗೆ 150ಕ್ಕೂ ಹೆಚ್ಚು ಟಿಬೆಟನ್ನರು ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಅವರಲ್ಲಿ ಭಿಕ್ಷುಗಳು ಬಹಳ. ಬೇರೆಯವರ ಮೈಮೇಲೆ ಒಂದು ಕಿಡಿಯೂ ಬೀಳದಂತೆ ನೋಡಿಕೊಂಡು ಸಾಯುವುದು ಅಹಿಂಸೆಯೇ? ಅದನ್ನು ಅಹಿಂಸೆ ಎಂದು ಹೊಗಳಲು ನನ್ನ ನಾಲಿಗೆ ಏಳುವುದಿಲ್ಲ. ಹಿಂಸೆ ಎಂದು ಬೆರಳು ತೋರಿಸಲು ಕೈಯೂ ಏಳುವುದಿಲ್ಲ. ಅವರು ವ್ರತ ಮರಳಿಸಿದವರಲ್ಲ. ವ್ರತದೊಳಗೇ ಇದ್ದು ಏನು ಮಾಡಬಹುದೆಂದು ಹುಡುಕಿ, ಕೊನೆಗೆ ಸಿಕ್ಕಿದ ದಾರಿ ಹಿಡಿದವರು.

ಹಳೆಯ ಗೆರಿಲ್ಲಾ ಒಬ್ಬನ ಮಾತು ನನ್ನ ತಲೆಯಲ್ಲಿ ಕೂತಿದೆ. ಪ್ರಾಣಿಯನ್ನು ಕೊಂದಾಗಲೆಲ್ಲ ನಾವು ಅದಕ್ಕಾಗಿ ಪ್ರಾರ್ಥನೆ ಹೇಳುತ್ತಿದ್ದೆವು, ಚೀನೀಯನನ್ನು ಕೊಂದಾಗ ಮಾತ್ರ ತುಟಿಗೆ ಪ್ರಾರ್ಥನೆ ಬರುತ್ತಿರಲಿಲ್ಲ ಎಂದಿದ್ದ. ಎಲ್ಲ ಹೋರಾಟಗಾರರೂ ಪಾಪಭಾರದಿಂದ ಬಗ್ಗಿ ನಡೆದವರೆಂದು ನಾನು ಮೇಲೆ ಬರೆದದ್ದಕ್ಕೆಲ್ಲ ಚೆಂದದ ಮುಕ್ತಾಯ ಹಾಕಲು ಈ ಮಾತು ಬಿಡುವುದಿಲ್ಲ. ಯುದ್ಧ ಅವನಿಂದ ಪ್ರಾರ್ಥನೆಯನ್ನೂ ಕಸಿದುಕೊಂಡಿತ್ತು. ಆದರೆ ಬಾಯಿಗೆ ಬಾರದ ಆ ಪ್ರಾರ್ಥನೆಯನ್ನು ಅವನು ಅಷ್ಟು ವರ್ಷ ನೆನಪಿಟ್ಟುಕೊಂಡಿದ್ದ. ಆಯುಧ ಒಪ್ಪಿಸಿದ ಮೇಲೆ ಮುಸ್ತಾಂಗಿನ ಎಷ್ಟೋ ಜನ ಪೋಖರಾದ ಸುತ್ತಿನ ಶಿಬಿರಗಳಲ್ಲಿ ನೆಲೆಸಿದರು. ಜಂಪಾಲಿಂಗ್ ಅವುಗಳಲ್ಲೊಂದು. ಅಲ್ಲಿ ರತ್ನಗಂಬಳಿ ನೇಯುವ ಮಗ್ಗಗಳಿದ್ದವು. ವಯಸ್ಸಾದವರು ಬಿಸಿಲಿಗೆ ಕೂತು ಮಣಿ ಎಣಿಸುತ್ತಿದ್ದರು.